ಅಮ್ಮನಿಗೆ ಹೇಳಬೇಡ ಎಂದವರು ಯಾರು?

ಹದಿನಾಲ್ಕು ಹದಿನೈದರ ಮಗು ಸಂಜೆ ಮನೆಗೆ ಬರಲಿಲ್ಲವೆಂದು ಠಾಣೆಗೆ ಓಡಿದ ತಂದೆತಾಯಿಯ ಹತ್ತಿರ ಪೊಲೀಸರ ಮೊದಲ ಪ್ರಶ್ನೆಗಳಿಗೆಲ್ಲ ಉತ್ತರ ಇರುತ್ತದೆ. ಎತ್ತರ ಎಷ್ಟು, ಯಾವ ಬಣ್ಣದ ಬಟ್ಟೆ, ಕೈಯಲ್ಲಿ ದುಡ್ಡಿತ್ತೇ, ಬೆಳಗ್ಗೆ ಏನು ತಿಂದು ಹೊರಟಿತು. ಮೊಣಕಾಲಿನ ಹಳೆಯ ಗಾಯದ ಕಲೆಯನ್ನೂ ತಾಯಿ ಹೇಳಿಯಾಳು. ಆಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿತ್ತು? ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇನ್‌ಸ್ಟಾದಲ್ಲಿ ಒಂದು ಅಕೌಂಟ್ ಇರುವುದು ಗೊತ್ತು, ಎರಡನೆಯದು ಗೊತ್ತಿಲ್ಲ. ಆಟ ಆಡುವುದು ಗೊತ್ತು, ಆಟದೊಳಗೇ ಗಂಟೆಗಟ್ಟಲೆ ಹರಟಬಹುದು ಎನ್ನುವುದು ಗೊತ್ತಿಲ್ಲ. ಅದನ್ನೆಲ್ಲ ಬಲ್ಲವರು ತರಗತಿಯ ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಾರೆ.

ಈ ಮಾತು ನಿನಗೆ, ಮಗು. ಹಾಗೆ ಕರೆದರೆ ನಿನಗೆ ಸಿಟ್ಟು ಬಂದೀತು. ಹದಿನೆಂಟು ತುಂಬುವವರೆಗೆ ಕಾನೂನೂ ನಿನ್ನನ್ನು ಹಾಗೆಯೇ ಕರೆಯುತ್ತದೆ; ಹೈಸ್ಕೂಲಿನಲ್ಲಿ ಪಾಠ ಹೇಳಿ ಮುದುಕಿಯಾದ ನಾನು ಆಮೇಲೂ ಕರೆಯುತ್ತೇನೆ. ಫೋನ್ ಮುಟ್ಟಬೇಡ, ಅಪರಿಚಿತರ ಜೊತೆ ಮಾತಾಡಬೇಡ ಎಂಬ ಉಪದೇಶ ಕೇಳಿ ಕೇಳಿ ನಿನ್ನ ಕಿವಿ ತೂತಾಗಿರಬೇಕು. ಅದು ನನ್ನಿಂದ ಬರುವುದಿಲ್ಲ. ನನಗೆ ಹೇಳಬೇಕಾಗಿರುವುದು ಒಂದೇ ಸಂಗತಿ, ಅದಕ್ಕೆ ಮೊದಲು ಒಬ್ಬ ಹುಡುಗನ ವಿಷಯ ಹೇಳಬೇಕು.

ಬ್ರೆಕ್ ಬೆಡ್ನಾರ್ ಇಂಗ್ಲೆಂಡಿನವನು. ಲಂಡನ್ನಿನ ದಕ್ಷಿಣಕ್ಕಿರುವ ಕೇಟರ್‌ಹ್ಯಾಮ್ ಅವನ ಊರು. ವಯಸ್ಸು ಹದಿನಾಲ್ಕು, ಕಂಪ್ಯೂಟರ್ ಎಂದರೆ ಪ್ರಾಣ. ಶಾಲೆಯ ಗೆಳೆಯರೊಂದಿಗೆ ಆನ್‌ಲೈನ್ ಆಟ ಆಡುತ್ತಿದ್ದ. ಅವರೆಲ್ಲ ಸೇರುತ್ತಿದ್ದ ಸರ್ವರ್ ನಡೆಸುತ್ತಿದ್ದವನು ಅವರಿಗಿಂತ ಸ್ವಲ್ಪ ದೊಡ್ಡವನು. ನನ್ನದು ಕೋಟಿಗಟ್ಟಲೆ ವಹಿವಾಟಿನ ಕಂಪ್ಯೂಟರ್ ಕಂಪನಿ, ಅಮೆರಿಕ ಸರಕಾರಕ್ಕೂ ಕೆಲಸ ಮಾಡಿಕೊಡುತ್ತೇನೆ ಎಂದು ಹುಡುಗರಿಗೆ ಹೇಳಿಕೊಂಡಿದ್ದ. ಹದಿನಾಲ್ಕರ ಹುಡುಗನಿಗೆ ಇಂಥ ಅಣ್ಣ ಸಿಕ್ಕರೆ ಆಕಾಶ ಮೂರೇ ಗೇಣು. ನಿಜದಲ್ಲಿ ಅವನು ಥೇಮ್ಸ್ ನದಿಯಾಚೆ ಎಸೆಕ್ಸ್ ಜಿಲ್ಲೆಯ ಗ್ರೇಸ್ ಎಂಬ ಊರಿನಲ್ಲಿ ಒಂದು ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದ ಹದಿನೆಂಟರ ಯುವಕ. ಹೆಸರು ನ್ಯಾಯಾಲಯದ ದಾಖಲೆಯಲ್ಲಿದೆ, ಇಲ್ಲಿ ಬೇಡ.

ಈ ಕತೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಮಗು ಕಾಣೆಯಾದ ಸುದ್ದಿ ಬಂದ ಕೂಡಲೇ ನಮ್ಮ ಜನ ಮೊದಲು ಕೇಳುವುದು "ತಾಯಿ ಏನು ಮಾಡುತ್ತಿದ್ದಳು?" ಎಂದು. ಬ್ರೆಕ್‌ನ ತಾಯಿ ಲೊರಿನ್ ಲಫೇವ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಕಂಪ್ಯೂಟರಿನಿಂದ ಬರುತ್ತಿದ್ದ ಆ ಯುವಕನ ಧ್ವನಿ ಆಕೆಗೆ ಮಗನ ಓರಗೆಯ ಹುಡುಗನದೆನಿಸಲಿಲ್ಲ. ಮಗನ ಮಾತು, ನಡವಳಿಕೆ ಬದಲಾಗುತ್ತಿದ್ದುದು ಕಂಡಿತು. ಹೊಸದಾಗಿ ಎದುರುತ್ತರ ಕಲಿತಿದ್ದ, ಆ ಉತ್ತರಗಳು ಅವನವಲ್ಲ ಎನಿಸಿತು. ಆ ಸರ್ವರ್ ಬೇಡ ಎಂದಳು, ಕಂಪ್ಯೂಟರ್ ಕಿತ್ತಿಟ್ಟಳು. 2013ರ ಡಿಸೆಂಬರಿನಲ್ಲಿ ತಮ್ಮ ಭಾಗದ ಸರ್ರೆ ಪೊಲೀಸರಿಗೆ ಫೋನ್ ಮಾಡಿ, ನನ್ನ ಮಗನನ್ನು ಯಾರೋ ಬಲೆಗೆ ಹಾಕಿಕೊಳ್ಳುತ್ತಿದ್ದಾರೆ ಎಂದು ದೂರು ಕೊಟ್ಟಳು. ಆ ಯುವಕನ ಮೇಲೆ ಹಿಂದೆಯೇ ಆರೋಪ ಬಂದಿತ್ತು. ಪೊಲೀಸರ ಕಂಪ್ಯೂಟರಿನಲ್ಲಿ ಹುಡುಕಿದ್ದರೆ ಸಿಗುತ್ತಿತ್ತು, ಯಾರೂ ಹುಡುಕಲಿಲ್ಲ. ತಪ್ಪಾಯಿತೆಂದು ಪೊಲೀಸರು ಮುಂದೆ ಒಪ್ಪಿಕೊಂಡರು, ಕ್ಷಮೆಯನ್ನೂ ಕೇಳಿದರು.

ಅತ್ತ ಆ ಯುವಕ ಸುಮ್ಮನೆ ಕೂರಲಿಲ್ಲ. ನಿನ್ನಮ್ಮನಿಗೆ ಎಲ್ಲದರ ಮೇಲೂ ಹಿಡಿತ ಬೇಕು, ನೀನು ಬೆಳೆಯುವುದು ಅವಳಿಗೆ ಬೇಕಾಗಿಲ್ಲ ಎಂದು ಹುಡುಗನ ಕಿವಿಯಲ್ಲಿ ಊದುತ್ತ ಹೋದ. ತಾಯಿ ಕಂಪ್ಯೂಟರ್ ಕಿತ್ತುಕೊಂಡಾಗ ಗುಟ್ಟಾಗಿ ಮಾತಾಡಲು ಬೇರೆ ಫೋನ್ ಒದಗಿಸಿದ. ನನಗೆ ವಾಸಿಯಾಗದ ಕಾಯಿಲೆ, ಕಂಪನಿಯನ್ನು ನಿನ್ನ ಕೈಗೆ ಒಪ್ಪಿಸಬೇಕು ಎಂದೂ ಹೇಳಿದ. 2014ರ ಫೆಬ್ರುವರಿಯಲ್ಲಿ, ಶಾಲೆಗೆ ರಜೆ ಇದ್ದಾಗ, ಬ್ರೆಕ್ ತಂದೆಯ ಮನೆಯಲ್ಲಿದ್ದ. ಹತ್ತಿರದ ಗೆಳೆಯನ ಮನೆಯಲ್ಲಿ ಮಲಗುತ್ತೇನೆ ಎಂದು ಹೇಳಿ ಹೊರಟು ಟ್ಯಾಕ್ಸಿ ಹತ್ತಿದ. ಬಾಡಿಗೆಯನ್ನು ಆ ಯುವಕನೇ ಕೊಟ್ಟ. ಫೆಬ್ರುವರಿ 17ರಂದು ಆ ಫ್ಲ್ಯಾಟಿನಲ್ಲಿ ಹುಡುಗನ ಕೊಲೆಯಾಯಿತು. ಒಂದು ತಿಂಗಳು ಕಳೆದಿದ್ದರೆ ಅವನಿಗೆ ಹದಿನೈದು ತುಂಬುತ್ತಿತ್ತು. ತಪ್ಪೊಪ್ಪಿಕೊಂಡ ಕೊಲೆಗಾರನಿಗೆ 2015ರ ಜನವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕನಿಷ್ಠ ಇಪ್ಪತ್ತೈದು ವರ್ಷ ಒಳಗಿರಬೇಕು. ಲೊರಿನ್ ಮಗನ ಹೆಸರಿನಲ್ಲಿ ಬ್ರೆಕ್ ಫೌಂಡೇಶನ್ ಕಟ್ಟಿದಳು, ಶಾಲೆಯಿಂದ ಶಾಲೆಗೆ ಹೋಗಿ ನಿನ್ನ ವಯಸ್ಸಿನವರ ಎದುರು ನಿಂತು ಇದನ್ನೇ ಹೇಳುತ್ತಾಳೆ.

ಇಲ್ಲಿ ಪ್ರೇಮವಿಲ್ಲ, ರೀಲ್ಸ್ ಇಲ್ಲ, ಹುಡುಗಿಯೂ ಇಲ್ಲ. "ನಮ್ಮದು ಗಂಡು ಮಗು, ನಮಗೇನು ಭಯ?" ಎನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಮನೆಯಲ್ಲಿ ಮಗಳ ಫೋನನ್ನು ದಿನಕ್ಕೆರಡು ಸಲ ತೆಗೆದು ನೋಡುತ್ತಾರೆ, ಮಗ ರಾತ್ರಿ ಎರಡರವರೆಗೆ ಹೆಡ್‌ಫೋನ್ ಹಾಕಿಕೊಂಡು ಯಾರ ಜೊತೆ ಕೂಗಾಡುತ್ತಾನೆ ಎಂದು ಕೇಳುವವರಿಲ್ಲ.

ಈಗ ನಾನು ಹೇಳಬೇಕೆಂದಿರುವುದು. ನಿನಗೆ ಗುಟ್ಟುಗಳಿರುತ್ತವೆ, ಇರಬೇಕು ಕೂಡ. ಡೈರಿ, ಯಾರ ಮೇಲೋ ಮೂಡಿದ ಇಷ್ಟ, ದೇವರಿದ್ದಾನೋ ಇಲ್ಲವೋ ಎಂಬ ಅನುಮಾನ, ಅಪ್ಪನ ಮೇಲಿನ ಸಿಟ್ಟು, ಇವುಗಳನ್ನೆಲ್ಲ ಊಟದ ಹೊತ್ತಿಗೆ ತಂದು ಒಪ್ಪಿಸಬೇಕೆಂದು ಯಾರೂ ಕೇಳಬಾರದು. ಆ ಗುಟ್ಟನ್ನು ಇಟ್ಟವನು ನೀನೇ, ಬೇಕಾದಾಗ ಬಿಚ್ಚುವವನೂ ನೀನೇ. ಇನ್ನೊಂದು ಬಗೆಯ ಗುಟ್ಟನ್ನು ಬೇರೊಬ್ಬರು ನಿನ್ನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿಸುತ್ತಾರೆ. "ಇದು ನಮ್ಮಿಬ್ಬರಲ್ಲೇ ಇರಲಿ." "ಚಾಟ್ ಡಿಲೀಟ್ ಮಾಡು." "ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ." "ನಿಮ್ಮ ಮನೆಯವರಿಗೆ ಇದೆಲ್ಲ ಅರ್ಥ ಆಗಲ್ಲ." "ಅಮ್ಮನಿಗೆ ಹೇಳಬೇಡ." ಇದರಲ್ಲಿ ಒಂದು ಮಾತು ಬಂದ ದಿನ ಎದುರಿಗಿರುವವರ ವಯಸ್ಸು, ಫೋಟೊ, ಬೆಣ್ಣೆ ಮಾತು ಎಲ್ಲವನ್ನೂ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಹಾಕಿಕೋ: ನಾನು ಇದನ್ನು ಬಾಯಿ ಬಿಟ್ಟರೆ ನಷ್ಟ ಯಾರಿಗೆ? ನಿನಗಾದರೆ ಮನೆಯಲ್ಲಿ ಎರಡು ಬೈಗುಳ, ಹತ್ತು ದಿನ ಫೋನ್ ಇಲ್ಲ. ಅವರಿಗಾದರೆ ಏನು ಹೋಗುತ್ತದೆ ಎಂದು ಯೋಚಿಸಿ ನೋಡು.

ಆನ್‌ಲೈನಿನಲ್ಲಿ ಸಿಕ್ಕವರೆಲ್ಲ ಕೇಡಿಗರು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಣ್ಣ ಊರಿನಲ್ಲಿ ಚೆಸ್ ಹುಚ್ಚಿನ, ಗಿಟಾರ್ ಹುಚ್ಚಿನ ಮಗುವಿಗೆ ಓರಗೆಯವರು ಸಿಗುವುದು ಅಲ್ಲೇ. ತಾನು ಎಲ್ಲರಂತಲ್ಲ ಎಂದು ಒಳಗೇ ಕುದಿಯುವ ಮಗುವಿಗೆ "ನಾನೂ ಹಾಗೇ" ಎನ್ನುವ ಒಂದು ಜೀವ ಸಿಗುವುದೂ ಅಲ್ಲೇ. ನಮ್ಮ ಕಾಲದಲ್ಲಿ ಪತ್ರಮಿತ್ರರಿದ್ದರು. ಮುಖ ನೋಡದ ಸ್ನೇಹ ಏನೂ ಹೊಸದಲ್ಲ. ಆದರೆ ಪೋಸ್ಟ್‌ಮ್ಯಾನ್ ಆ ಕಾಗದವನ್ನು ಅಪ್ಪನ ಕೈಗೇ ಕೊಟ್ಟು ಹೋಗುತ್ತಿದ್ದ, ಮನೆ ಮಂದಿಗೆಲ್ಲ ಆ ಮಿತ್ರನ ಹೆಸರು, ಊರು ಬಾಯಿಪಾಠವಾಗಿರುತ್ತಿತ್ತು.

ತನ್ನ ಹೆಸರು ನಿನ್ನಮ್ಮನಿಗೆ ಗೊತ್ತು ಎಂದರೆ ನಿಜವಾದ ಸ್ನೇಹಿತನಿಗೆ ಮುಜುಗರವಿಲ್ಲ. ಅಕ್ಕ ಪಕ್ಕದಲ್ಲಿ ಕೂತಿರುವಾಗ ವಿಡಿಯೊ ಕರೆಗೆ ಬಾ ಎಂದರೆ ಬರುತ್ತಾನೆ. ಕ್ಯಾಮೆರಾ ಕೆಟ್ಟಿದೆ ಎಂದು ತಿಂಗಳುಗಟ್ಟಲೆ ಹೇಳುವುದಿಲ್ಲ. ಭೇಟಿಯಾಗೋಣ ಎಂದರೆ ಹಗಲು ಹೊತ್ತು, ಜನರಿರುವ ಜಾಗ, ನಿನ್ನ ಜೊತೆ ಇನ್ನೊಬ್ಬರು, ಇಷ್ಟಕ್ಕೆ ಒಪ್ಪುತ್ತಾನೆ. ಒಬ್ಬನೇ ಬಾ, ಫೋನ್ ಆಫ್ ಮಾಡಿ ಬಾ, ಬಸ್ ಚಾರ್ಜ್ ನಾನೇ ಹಾಕುತ್ತೇನೆ ಎನ್ನುವವನು ಬೇರೆ. ಕಾಣದವರು ಕಳಿಸಿದ ದುಡ್ಡಿನಲ್ಲಿ ಪ್ರಯಾಣ ಹೊರಡಬೇಡ. ಟ್ಯಾಕ್ಸಿಯಾಗಲಿ, ರೈಲಾಗಲಿ, ಕೆಎಸ್ಸಾರ್ಟಿಸಿಯ ಕೆಂಪು ಬಸ್ಸಾಗಲಿ. ನಾನು ಹಾಕುವ ಖಡಾಖಂಡಿತ ನಿಷೇಧ ಇದೊಂದೇ.

ಪ್ರೀತಿಯ ವಿಷಯ ಎತ್ತದೆ ಹೋದರೆ ಅಜ್ಜಿ ನುಣುಚಿಕೊಂಡಳು ಎನ್ನುತ್ತೀಯ. ನಮ್ಮ ಕಡೆ ಹದಿನಾರು ಹದಿನೇಳರ ಹುಡುಗಿ ಕಾಣೆಯಾದರೆ ಜನ ಗುಸುಗುಸು ಆಡುವುದು ಅದನ್ನೇ, ಎಷ್ಟೋ ಸಲ ನಿಜವೂ ಇರುತ್ತದೆ. ಹದಿನೆಂಟರೊಳಗಿನ ಮಗುವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಕರೆದೊಯ್ದರೆ ಕಾನೂನಿನಲ್ಲಿ ಅದು ಅಪಹರಣ. ಆ ಮಗು ಒಪ್ಪಿತ್ತೇ ಎಂದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ ಕೇಳುವುದಿಲ್ಲ. ಹಾಗಾಗಿ ಹತ್ತೊಂಬತ್ತರ ಹುಡುಗ ನಿಜವಾಗಿ ಪ್ರೀತಿಸಿದ್ದರೂ ಜೈಲು ಸೇರಬೇಕಾಗಬಹುದು. ಪ್ರೀತಿ ಗಟ್ಟಿಯಿದ್ದರೆ ಹದಿನೆಂಟು ತುಂಬುವವರೆಗೆ ಕಾಯಲಿ. ಕಾಯಲು ಆಗುವುದೇ ಇಲ್ಲ, ಇವತ್ತೇ ಬಾ ಎಂದು ಅವಸರಿಸುವವನ ಅವಸರ ಏತಕ್ಕೆಂದು ಒಮ್ಮೆ ಕೇಳು.

ಬಲೆಗೆ ಬಿದ್ದ ಮಕ್ಕಳನ್ನು ಮನೆಗೆ ಮರಳದಂತೆ ಕಟ್ಟಿಹಾಕುವುದು ಅವರ ನಾಚಿಕೆಯೇ. ಇದು ನನಗೆ ಅತ್ಯಂತ ಮುಖ್ಯ ಎನಿಸುವ ಸಂಗತಿ, ತಾಳ್ಮೆಯಿಂದ ಕೇಳು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಅಲಿಸಿಯಾ ಕೊಜಾಕೆವಿಚ್ ಎಂಬ ಹದಿಮೂರರ ಹುಡುಗಿ ಇದ್ದಳು. ತಿಂಗಳುಗಟ್ಟಲೆ ಇಂಟರ್ನೆಟ್ಟಿನಲ್ಲಿ ಮಾತಾಡಿ ನಂಬಿಕೆ ಗಳಿಸಿದ್ದ ಗಂಡಸನ್ನು ನೋಡಲು 2002ರ ಜನವರಿ 1ರ ರಾತ್ರಿ, ಮನೆಯವರು ಹೊಸ ವರ್ಷದ ಊಟ ಮುಗಿಸುತ್ತಿದ್ದಾಗ, ಮುಂಬಾಗಿಲಿನಿಂದಲೇ ಹೊರಗೆ ಹೋದಳು. ಮೂವತ್ತೆಂಟು ವರ್ಷದ ಅವನು ಅವಳನ್ನು ಕಾರಿನಲ್ಲಿ ಹಾಕಿಕೊಂಡು ವರ್ಜೀನಿಯಾದ ತನ್ನ ಮನೆಗೆ ಒಯ್ದು ಕೂಡಿಹಾಕಿದ. ಅಲ್ಲಿ ನಡೆದುದನ್ನು ನಾನು ಬರೆಯುವುದಿಲ್ಲ. ಅವನು ಆ ಹಿಂಸೆಯನ್ನು ಇಂಟರ್ನೆಟ್ಟಿನಲ್ಲಿ ಇನ್ನೊಬ್ಬನಿಗೆ ತೋರಿಸಿದ. ನೋಡಿದವನು ಅವಳು ಕಾಣೆಯಾದ ಹುಡುಗಿಯೆಂದು ಗುರುತಿಸಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಫೋನ್ ಮಾಡಿದ. ಆ ದುಷ್ಟನ ಚಾಟ್ ಹೆಸರಿನ ಜಾಡು ಹಿಡಿದು ಎಫ್‌ಬಿಐನವರು ವಿಳಾಸ ಪತ್ತೆಹಚ್ಚಿದರು. ಜನವರಿ 4ರಂದು ಬಾಗಿಲು ಮುರಿದು ಅವಳನ್ನು ಜೀವಂತ ಹೊರಗೆ ತಂದರು.

ಮನೆಗೆ ಬಂದವಳಿಗೆ ಊರು ಏನೆಂದಿತು ಗೊತ್ತೇ? "ತಾನೇ ಹೋದಳಲ್ಲ" ಎಂದಿತು. ಹದಿಮೂರರ ಹುಡುಗಿಯ ಬಗ್ಗೆ ಆಡಿದ ಮಾತು ಅದು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಹೈಸ್ಕೂಲಿನಲ್ಲಿರುವಾಗಲೇ ಬೇರೆ ಶಾಲೆಗಳಿಗೆ ಹೋಗಿ ತನ್ನ ಕತೆ ಹೇಳತೊಡಗಿದಳು. 2007ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದಳು. ಇಂಥ ಅಪರಾಧ ತನಿಖೆ ಮಾಡುವ ಪೊಲೀಸರಿಗೆ ಹಣ ಒದಗಿಸುವ ಕಾನೂನು ಅವಳ ಹೆಸರಿನಲ್ಲೇ ಹಲವು ರಾಜ್ಯಗಳಲ್ಲಿ ಬಂದಿದೆ.

ನೀನು ಎಷ್ಟು ದೂರ ಹೋಗಿದ್ದರೂ, ಸುಳ್ಳು ಹೇಳಿ ಹೋಗಿದ್ದರೂ, ಫೋಟೊ ಕಳಿಸಿದ್ದರೂ, ದುಡ್ಡು ಕದ್ದಿದ್ದರೂ, ನಡೆದ ಅಪರಾಧ ದೊಡ್ಡವನದು. "ಈಗ ಮನೆಗೆ ಯಾವ ಮುಖ ಹೊತ್ತು ಹೋಗುತ್ತೀ? ನಿನ್ನಪ್ಪ ಸುಮ್ಮನೆ ಬಿಡುತ್ತಾನಾ?" ಎಂದು ಅವನು ಕೇಳಿಯೇ ಕೇಳುತ್ತಾನೆ. ಅಪ್ಪ ಕೂಗಾಡಬಹುದು. ಅಮ್ಮ ಅಳುತ್ತಳುತ್ತ ಎರಡು ಬಾರಿಸಲೂಬಹುದು, ತಪ್ಪೇ ಅದು. ಆದರೂ ಠಾಣೆಯ ಬೆಂಚಿನ ಮೇಲೆ ಮಗುವಿನ ಫೋಟೊ ಹಿಡಿದು ಕೂತ ತಾಯಿ ಆ ಹೊತ್ತು ಮರ್ಯಾದೆಯ ಲೆಕ್ಕ ಹಾಕುತ್ತಿರುವುದಿಲ್ಲ. ಮನೆಯಲ್ಲೇ ಹಿಂಸೆಯಿದ್ದು ಅಲ್ಲಿಂದ ಓಡಿಬಂದಿದ್ದರೆ ಆ ಮನೆಗೇ ಹೋಗು ಎಂದು ನಾನೂ ಹೇಳಲಾರೆ. ಅದಕ್ಕೂ ಮಕ್ಕಳ ಸಹಾಯವಾಣಿ 1098 ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ.

ಫೋಟೊ ಇಟ್ಟುಕೊಂಡು ಬೆದರಿಸುವ ವ್ಯವಹಾರ ಈಗ ದಂಧೆಯೇ ಆಗಿದೆ, ಹೆಚ್ಚಾಗಿ ಸಿಕ್ಕಿಬೀಳುವವರು ಹುಡುಗರು. ಚೆಂದದ ಹುಡುಗಿಯ ಹೆಸರಿನಲ್ಲಿ ಬಂದು ಒಂದು ಫೋಟೊ ಕೇಳುತ್ತಾರೆ, ಸಿಕ್ಕ ಮರುಗಳಿಗೆ ದುಡ್ಡು ಕೇಳುತ್ತಾರೆ. 2022ರ ಡಿಸೆಂಬರಿನಲ್ಲಿ ಎಫ್‌ಬಿಐ ಹೊರಡಿಸಿದ ಎಚ್ಚರಿಕೆಯ ಪ್ರಕಾರ ಅಮೆರಿಕದಲ್ಲಿ ಆ ವರ್ಷ ಕನಿಷ್ಠ 3,000 ಮಕ್ಕಳು ಈ ಬಲೆಗೆ ಬಿದ್ದಿದ್ದರು. ಹನ್ನೆರಡಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡಿದ್ದರು. ದುಡ್ಡು ಕೊಡಬೇಡ, ಕೊಟ್ಟಷ್ಟೂ ಕೇಳುತ್ತಾರೆ. ಚಾಟ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಡು, ಬ್ಲಾಕ್ ಮಾಡು, ಒಬ್ಬ ದೊಡ್ಡವರಿಗೆ ಹೇಳು. ಸೈಬರ್ ಅಪರಾಧಕ್ಕೆ 1930 ಇದೆ. ಹದಿನೆಂಟರೊಳಗೆ ತೆಗೆದ ಅಂಥ ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಇದೆ. ಅದಕ್ಕೆ ಚಿತ್ರವನ್ನು ಕಳಿಸಬೇಕಾಗಿಲ್ಲ. ನಿನ್ನ ಫೋನಿನಲ್ಲೇ ಅದರದೊಂದು ಅಂಕಿ-ಗುರುತು ತಯಾರಾಗಿ, ಅದಷ್ಟೇ ಹೋಗುತ್ತದೆ. ಸೇರಿಕೊಂಡ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ತಮ್ಮಲ್ಲಿ ಹುಡುಕಿ ತೆಗೆಯುತ್ತವೆ. ಒಂದು ಚಿತ್ರಕ್ಕಾಗಿ ಯಾರೂ ಸಾಯಬೇಕಾಗಿಲ್ಲ, ಮನೆ ಬಿಟ್ಟು ಓಡಬೇಕಾಗಿಯೂ ಇಲ್ಲ.

ಪೊಲೀಸ್ ಎಂದ ತಕ್ಷಣ ನಿನ್ನ ಎದೆ ಡವಗುಟ್ಟುತ್ತದೆ. ಸಿನಿಮಾದ ಲಾಠಿ ಕಣ್ಣ ಮುಂದೆ ಬರುತ್ತದೆ. 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಕೇಳು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಇಷ್ಟಪಟ್ಟ ಜಾಗದಲ್ಲೋ ಬರೆದುಕೊಳ್ಳಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ಅಥವಾ ಮೇಲಿನ ದರ್ಜೆಯ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಆ ಹೊತ್ತಿಗೆ ಯೂನಿಫಾರ್ಮ್ ಹಾಕಿರಬಾರದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು, ಶಾಲೆ, ಫೋಟೊ ಪತ್ರಿಕೆಯಲ್ಲಿ ಬರುವಂತಿಲ್ಲ. ಎಲ್ಲ ಠಾಣೆಯಲ್ಲೂ ಇದು ಅಕ್ಷರಶಃ ನಡೆಯುತ್ತದೆಂದು ನಾನು ಪ್ರಮಾಣ ಮಾಡಲಾರೆ. ಆದರೆ ನಡೆಯದಿದ್ದರೆ ಕೇಳುವ ಹಕ್ಕು ನಿನಗಿದೆ.

ಹಿಂದಿನ ಬೆಂಚಿನವರೇ, ಈಗ ನಿಮ್ಮ ಸರದಿ. ಗೆಳತಿ "ಯಾರಿಗೂ ಹೇಳಬೇಡ, ಆಣೆ" ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಅವಳು ಯಾವ ಅಕೌಂಟಿನಿಂದ ಮಾತಾಡುತ್ತಿದ್ದಳು, ಅವನು ಯಾವ ಊರು ಎನ್ನುತ್ತಿದ್ದ ಎಲ್ಲ ನಿಮಗೆ ಗೊತ್ತು. ಮಗು ಕಾಣೆಯಾಗಿ ಮೊದಲ ಕೆಲವು ಗಂಟೆಗಳಲ್ಲಿ ಆ ಅಕೌಂಟಿನ ಹೆಸರೊಂದು ಪೊಲೀಸರ ಕೈಗೆ ಸಿಕ್ಕರೆ ಹುಡುಕಾಟದ ದಿಕ್ಕೇ ಬದಲಾಗುತ್ತದೆ. ಅಲಿಸಿಯಾಳನ್ನು ಉಳಿಸಿದ್ದು ಅಂಥ ಒಂದು ಹೆಸರು. ಆಣೆ ಮುರಿಯಿರಿ. ಅವಳು ಮರಳಿ ಬಂದು ನಿಮ್ಮ ಮೇಲೆ ಮುನಿಸಿಕೊಂಡರೆ ಅದಕ್ಕಿಂತ ದೊಡ್ಡ ಭಾಗ್ಯ ಯಾವುದಿದೆ! ಕಾಣೆಯಾಗುವವರೆಗೆ ಕಾಯಲೂಬೇಡಿ. ಮನೆಯವರಿಗೆ ಹೇಳಲು ಅಂಜಿಕೆಯಾದರೆ ನಿಮಗೆ ನೆಚ್ಚಿಕೆಯಿರುವ ಒಬ್ಬ ಟೀಚರಿಗೆ ಹೇಳಿ.

ಹೆತ್ತವರಿಗೆ ಎರಡೇ ಮಾತು, ಅವರ ಕಿವಿ ಹಿಂಡಲು ಇದು ಜಾಗವಲ್ಲ. ಫೋನ್ ಕಿತ್ತುಕೊಳ್ಳುವುದರಿಂದಷ್ಟೇ ಕೆಲಸ ಆಗುವುದಿಲ್ಲ. ಎರಡನೆಯ ಫೋನ್ ಎಲ್ಲಿಂದ ಬರುತ್ತದೆ ಎನ್ನುವುದನ್ನು ಬ್ರೆಕ್‌ನ ಕತೆ ತೋರಿಸಿದೆ. ಮತ್ತೆ, ಮಗಳು ಕಾಣದಾದಾಗ "ನಾಲ್ಕು ಜನಕ್ಕೆ ಗೊತ್ತಾದರೆ ಏನು ಗತಿ" ಎಂದು ನೆಂಟರ ಮನೆಗಳಿಗೆಲ್ಲ ಗುಟ್ಟಾಗಿ ಫೋನ್ ಮಾಡುತ್ತ ಒಂದು ರಾತ್ರಿ ಕಳೆಯಬೇಡಿ. ಇಪ್ಪತ್ನಾಲ್ಕು ಗಂಟೆ ಕಾಯಬೇಕು ಎಂಬ ಕಾನೂನು ಎಲ್ಲೂ ಇಲ್ಲ. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕೆಂದು ಬಚಪನ್ ಬಚಾವೊ ಆಂದೋಲನ್ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶ ಕೊಟ್ಟಿದೆ. ನಮ್ಮ ಸರಹದ್ದಲ್ಲ ಎಂದು ಠಾಣೆಯವರು ಅಟ್ಟುವಂತೆಯೂ ಇಲ್ಲ.

ಕೊನೆಯದಾಗಿ, ನೀನು ಈಗಾಗಲೇ ಹೊರಟುಬಿಟ್ಟಿದ್ದರೆ? ಗೊತ್ತಿಲ್ಲದ ಊರಿನ ಸ್ಟೇಶನ್ನಿನಲ್ಲಿ ಇಳಿದಿದ್ದೀ, ಕಾದು ನಿಂತವನ ಮುಖ ಫೋಟೊದ ಮುಖವಲ್ಲ. ಅವನ ಬೈಕನ್ನಾಗಲಿ ಕಾರನ್ನಾಗಲಿ ಹತ್ತಬೇಡ, ಜನರಿರುವ ಕಡೆಗೇ ನಡೆ. ರೈಲ್ವೆ ಸ್ಟೇಶನ್ ಆದರೆ ಆರ್‌ಪಿಎಫ್‌ನವರು ಇರುತ್ತಾರೆ. ಒಂಟಿಯಾಗಿ ಬಂದ ಮಕ್ಕಳನ್ನು ಕಾಯುವುದು ಅವರ ಕೆಲಸದಲ್ಲಿ ಸೇರಿದೆ, ಅದಕ್ಕೆ 'ನನ್ಹೇ ಫರಿಶ್ತೇ' ಎಂಬ ಕಾರ್ಯಕ್ರಮವನ್ನೇ ನಡೆಸುತ್ತಾರೆ. ಬಸ್ ಸ್ಟ್ಯಾಂಡ್ ಆದರೆ ಕಂಡಕ್ಟರ್, ಟೀ ಅಂಗಡಿಯ ಹೆಂಗಸು, ಮಕ್ಕಳನ್ನು ಕರೆದುಕೊಂಡು ನಿಂತ ಯಾವುದೇ ತಾಯಿಯನ್ನು ಕೇಳು. ಯಾರ ಫೋನಿನಿಂದ ಬೇಕಾದರೂ 1098 ಒತ್ತಬಹುದು, ತುರ್ತು ಸಹಾಯದ 112 ಒತ್ತಬಹುದು, ಎರಡೂ ಹಗಲು ರಾತ್ರಿ ಇರುತ್ತವೆ. ಮನೆಗೆ ಮಾಡಿದರೆ ಎಲ್ಲಿದ್ದೀ ಎನ್ನುವುದನ್ನಷ್ಟೇ ಹೇಳು, ಉಳಿದ ಕತೆಯೆಲ್ಲ ಆಮೇಲೆ.

ಆದರೆ ಇಂಥವರು ಮೊದಲು ಕಿತ್ತುಕೊಳ್ಳುವುದು ನಿನ್ನ ಫೋನನ್ನೇ. ನಿನ್ನ ವಯಸ್ಸಿನವರನ್ನು ಕೇಳಿದರೆ ಹೆಚ್ಚಿನವರಿಗೆ ಅಮ್ಮನ ನಂಬರ್ ಬಾಯಿಗೆ ಬರುವುದಿಲ್ಲ, "ಸೇವ್ ಆಗಿದೆ ಅಜ್ಜಿ" ಎನ್ನುತ್ತಾರೆ. ಮಗ್ಗಿ ಕಲಿತ ಹಾಗೆ ಕೂತು ಆ ಹತ್ತು ಅಂಕಿಗಳನ್ನು ಇವತ್ತೇ ಬಾಯಿಪಾಠ ಮಾಡು. ಅಮ್ಮನದು ಆದಮೇಲೆ, ಅಮ್ಮನಿಗೆ ಹೇಳಲಾಗದ್ದನ್ನು ಹೇಳಬಹುದಾದ ಇನ್ನೊಬ್ಬರದು. ಅತ್ತೆಯೋ ಮಾವನೋ ಟೀಚರೋ, ಅದು ಯಾರೆಂದು ನೀನೇ ಆರಿಸಿಕೋ, ಆರಿಸಿಕೊಂಡದ್ದನ್ನು ಅವರಿಗೂ ಒಂದು ಮಾತು ಹೇಳಿಡು.